ಒಂಟಿ ಮರ ಹಣ್ಣು ಬಿಡದು

ಕೇಕಿನ ನೆತ್ತಿಯ ಮೇಲೆ ಕೆಂಪಗೆ ಕುಳಿತಿರುವುದೇ ಚೆರ್ರಿ ಎಂದು ನಂಬಿ ಬೆಳೆದವರು ನಮ್ಮಲ್ಲಿ ಬಹುಮಂದಿ. ಅದು ಅನೇಕ ವೇಳೆ ನಮ್ಮ ಕವಳೆಕಾಯಿಯೇ. ಬೀಜ ಕಳೆದುಕೊಂಡು, ಬಣ್ಣ ಬಳಿಸಿಕೊಂಡು, ಸಕ್ಕರೆಯ ಪಾಕದಲ್ಲಿ ಮಿಂದು ಬಂದ ವೇಷಧಾರಿ. ನಿಜವಾದ ಸಿಹಿ ಚೆರ್ರಿಯ ಸ್ವಭಾವವೇ ಬೇರೆ. ಎಲೆಯುದುರಿಸಿ ನಿಂತ ಆ ಮರ 7 ಡಿಗ್ರಿಗಿಂತ ಕೆಳಗಿನ ಚಳಿಯನ್ನು ಸುಮಾರು 1000 ಗಂಟೆಗಳ ಕಾಲ ಉಂಡಲ್ಲದೆ ವಸಂತದಲ್ಲಿ ಸರಿಯಾಗಿ ಕಣ್ಣು ತೆರೆಯದು. ಆದುದರಿಂದಲೇ ನಮ್ಮ ದೇಶದಲ್ಲಿ ಅದಕ್ಕೆ ಕಾಶ್ಮೀರ, ಹಿಮಾಚಲಗಳ ಎತ್ತರವೇ ತವರು. ಬೆಂಗಳೂರಿನ ಹಿತ್ತಿಲಲ್ಲಿ ಚೆರ್ರಿ ನೆಡಬಯಸುವ ಮಿತ್ರರಿಗೆ ಸೀಬೆಯೇ ಸಾಕೆಂದು ಹೇಳುವುದು ಹಿತವಚನ.

ಈ ಮರದ ಹತ್ತಿರದ ಪರಿಚಯ ನನಗಾದದ್ದು ಅಮೆರಿಕದ ಆರೆಗನ್ ರಾಜ್ಯದ ಮಿಲ್ವಾಕಿ ಎಂಬ ಊರಿನಲ್ಲಿ, ನನ್ನ ತಮ್ಮನ ಮನೆಯ ಹಿತ್ತಿಲಲ್ಲಿ. ಹೋದ ವರ್ಷದ ಏಪ್ರಿಲ್ ತಿಂಗಳು. ಎಲೆ ಇನ್ನೂ ಸರಿಯಾಗಿ ಮೂಡದ ಕೊಂಬೆಗಳ ತುಂಬ ಬಿಳಿಯ ಹೂವು. ಮರದ ತಳಿ ‘ಬಿಂಗ್’; ನೆಟ್ಟು ಎಂಟು ವರ್ಷ. ಪ್ರತಿ ವರ್ಷವೂ ಹೂವಿನ ಸಂಭ್ರಮವುಂಟು, ಹಣ್ಣು ಒಂದೂ ಇಲ್ಲ. “ಅಣ್ಣಾ, ಇದು ಗೊಡ್ಡು ಮರ. ಈ ಸಲ ಕಡಿಸಿಬಿಡುತ್ತೇನೆ” ಎಂದ ತಮ್ಮ. ಗರಗಸವೂ ಬಂದಿತ್ತು. “ಭಾವನವರೇ, ನೀವಾದರೂ ಹೇಳಿ, ಹೂವಿಗಾಗಿಯಾದರೂ ಇರಲಿ” ಎಂದಳು ಅವನ ಹೆಂಡತಿ.

ಮರದಲ್ಲಿ ದೋಷವಿರಲಿಲ್ಲ, ಅದು ಒಂಟಿಯಾಗಿತ್ತು, ಅಷ್ಟೆ. ಇಲ್ಲಿ ನಮಗೆ ಪರಿಚಿತವಾದ ಗೋತ್ರದ ಮಾತನ್ನೇ ಬಳಸಬಹುದು. ಸಿಹಿ ಚೆರ್ರಿಯ ಹೂವು ತನ್ನ ಪರಾಗವನ್ನು ಗುರುತು ಹಿಡಿದು ಅರ್ಧದಾರಿಯಲ್ಲೇ ತಡೆಯುತ್ತದೆ. ಕಸಿಯಿಂದಾದ ಬಿಂಗ್ ಮರಗಳೆಲ್ಲ ಮೂಲದಲ್ಲಿ ಒಂದೇ ಮರದ ತುಂಡುಗಳಾದುದರಿಂದ, ಹತ್ತು ಬಿಂಗ್ ನೆಟ್ಟರೂ ಒಂದು ನೆಟ್ಟಂತೆಯೇ. ಲ್ಯಾಂಬರ್ಟ್, ರಾಯಲ್ ಆನ್ ತಳಿಗಳು ಹೆಸರಿನಲ್ಲಿ ಬೇರೆಯಾದರೂ ಬಿಂಗ್‌ಗೆ ಸಗೋತ್ರ. ‘ವ್ಯಾನ್’ ಎಂಬ ತಳಿಯಾದರೆ ಸಂಬಂಧ ಕೂಡುತ್ತದೆ. ಕೆನಡಾದ ಸಮ್ಮರ್‌ಲ್ಯಾಂಡ್‌ನಿಂದ 1968ರಲ್ಲಿ ಹೊರಬಂದ ‘ಸ್ಟೆಲ್ಲಾ’ ಈ ಕಟ್ಟನ್ನು ಮೀರಿ ತಾನೊಂದೇ ಫಲಿಸುತ್ತದೆ. ಒಂದೇ ಮರಕ್ಕೆ ಸ್ಥಳವುಳ್ಳ ಮನೆಯವರಿಗೆ ಅದು ವರವೇ ಸರಿ.

ಪರಿಚಿತ ವೃದ್ಧೆಯೊಬ್ಬರ ತೋಟದಿಂದ ಹೂಬಿಟ್ಟ ವ್ಯಾನ್ ಕೊಂಬೆಗಳನ್ನು ಬೇಡಿ ತಂದು, ನೀರು ತುಂಬಿದ ಬಕೀಟಿನಲ್ಲಿಟ್ಟು, ಬಿಂಗ್ ಮರದ ನಡುವೆ ತೂಗುಹಾಕಿದೆವು. ಉಳಿದ ಕೆಲಸ ಜೇನ್ನೊಣಗಳದು. ಜುಲೈಯಲ್ಲಿ ಊರಿಗೆ ಬಂದ ಚಿತ್ರವೊಂದರಲ್ಲಿ ಇಪ್ಪತ್ತಮೂರು ಹಣ್ಣುಗಳು ತಟ್ಟೆಯಲ್ಲಿದ್ದವು, ಕಪ್ಪಿಗೆ ತಿರುಗಿದ ಕೆಂಪು. ಆದರೆ ಇದು ಒಂದು ವರ್ಷದ ಉಪಾಯ. ಬೇರೆ ಗೋತ್ರದ ಮರವನ್ನು ಹತ್ತಿರ ನೆಡುವುದು, ಇಲ್ಲವೆ ಅದರ ರೆಂಬೆಯನ್ನು ಇದಕ್ಕೇ ಕಸಿಕಟ್ಟುವುದು ಶಾಶ್ವತ ಪರಿಹಾರ.

ಫಲಿಸಿದ ಮೇಲೂ ಚಿಂತೆ ತಪ್ಪಿದ್ದಲ್ಲ. ನೀರು ನಿಂತರೆ ಬೇರು ಕೊಳೆಯುತ್ತದೆ. ಹಣ್ಣಾಗುವ ಹೊತ್ತಿಗೆ ಮಳೆ ಬಂದರೆ ಸಿಪ್ಪೆ ಬಿರಿಯುತ್ತದೆ. ತೇವದ ದಿನಗಳಲ್ಲಿ ಕೊಂಬೆ ಕತ್ತರಿಸಿದರೆ ಗಾಯಕ್ಕೆ ರೋಗ ಹೊಗುವುದುಂಟು. ಕೊಯ್ಲಾದ ಬಳಿಕ ಒಣಹವೆಯಲ್ಲಿ ಸವರುವುದು ಲೇಸು. ಇನ್ನು ಹಕ್ಕಿಗಳು! ಸಸ್ಯಶಾಸ್ತ್ರಜ್ಞರು ಈ ಮರಕ್ಕಿಟ್ಟ ‘ಏವಿಯಮ್’ ಎಂಬ ಲ್ಯಾಟಿನ್ ಹೆಸರಿಗೆ ‘ಹಕ್ಕಿಗಳದು’ ಎಂದೇ ಅರ್ಥ. ಬಲೆ ಹೊದಿಸದವನಿಗೆ ಬೀಜವಷ್ಟೇ ಪಾಲು.

ಬಿಂಗ್ ಎಂಬ ಹೆಸರಿಗೂ ಒಂದು ಕಥೆಯುಂಟು. ಅದು ನಡೆದದ್ದು ಇದೇ ಮಿಲ್ವಾಕಿಯಲ್ಲಿ. 1847ರಲ್ಲಿ ಹೆಂಡರ್ಸನ್ ಲ್ಯೂಲಿಂಗ್ ಎಂಬಾತ ಅಯೋವಾದಿಂದ ಸುಮಾರು 700 ಸಸಿಗಳನ್ನು ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಈ ಸೀಮೆಗೆ ಬಂದ. ಅವನ ತಮ್ಮ ಸೇತ್‌ನ ತೋಟದಲ್ಲಿ 1875ರ ಸುಮಾರಿಗೆ ಈ ತಳಿ ಕಾಣಿಸಿಕೊಂಡಿತು. ಅಲ್ಲಿ ಆಳುಗಳ ಮೇಸ್ತ್ರಿಯಾಗಿದ್ದ ಚೀನೀಯನ ಹೆಸರು ಅಹ್ ಬಿಂಗ್. ಅವನ ಹೆಸರೇ ಹಣ್ಣಿಗೆ ನಿಂತಿತು. 1882ರಲ್ಲಿ ಚೀನೀ ಕೂಲಿಕಾರರ ಪ್ರವೇಶವನ್ನು ನಿಷೇಧಿಸುವ ಕಾಯಿದೆ ಬಂದಿತು. ಲ್ಯೂಲಿಂಗ್ ಮನೆಯವರ ನೆನಪಿನಂತೆ, ಬಿಂಗ್ 1889ರಲ್ಲಿ ತನ್ನವರನ್ನು ನೋಡಿಬರಲು ಚೀನಕ್ಕೆ ಹೋದ. ತಿರುಗಿ ಬರಲು ಆ ನಿರ್ಬಂಧಗಳು ಬಿಡಲಿಲ್ಲ. ಕಾಯಿದೆ ರದ್ದಾದದ್ದು 1943ರಲ್ಲಿ. ಬೇರೆಯದರ ನೆರವಿಲ್ಲದೆ ಫಲಿಸದ ಮರ, ಬೇರೆಯವನೆಂದು ಬಾಗಿಲು ಮುಚ್ಚಿಸಿಕೊಂಡವನ ಹೆಸರನ್ನು ಹೊತ್ತು ನಿಂತಿದೆ.

ಬಕೀಟು ತೂಗುಹಾಕಿದ ದಿನ ಸಂಜೆ ಈ ಕಥೆಯನ್ನು ತಮ್ಮನಿಗೆ ಹೇಳಿದೆ. ಹುಟ್ಟೂರನ್ನು ಬಿಟ್ಟು ಇಪ್ಪತ್ತು ವರ್ಷವಾದ ಅವನು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಬಿಂಗ್ ಮರದಿಂದ ಹದಿನೈದು ಅಡಿ ಆಚೆಗೆ, ವ್ಯಾನ್ ಸಸಿಗಾಗಿ ಒಂದು ಗುಂಡಿ ತೋಡಿದ.