ಓದಲಾಗದ ಕರಾರಿಗೆ ಸಹಿ ಬೇಡ: ಮನೆ ಕಟ್ಟಿಸುವವರು ಅರಿತಿರಬೇಕಾದ ಸಂಗತಿಗಳು

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮನೆಗಳಿಂದ ಒಂದೇ ಬಗೆಯ ದೂರು ಮತ್ತೆ ಮತ್ತೆ ಕೇಳಿಬರುತ್ತಿರುವುದನ್ನು ನಾವು ಗಮನಿಸುತ್ತ ಬಂದಿದ್ದೇವೆ. ಮಳೆಗಾಲ ಮುಗಿದೊಡನೆ ಅಡಿಪಾಯ ತೋಡಲಾಗುತ್ತದೆ. ಕಲ್ಲಿಗೆಂದೂ ಕಬ್ಬಿಣಕ್ಕೆಂದೂ ಗುತ್ತಿಗೆದಾರನು ಆದ ಕೆಲಸಕ್ಕಿಂತ ಹೆಚ್ಚಿನ ಹಣವನ್ನು ಮುಂದಾಗಿಯೇ ಪಡೆಯುತ್ತಾನೆ. ಗೋಡೆ ಲಿಂಟೆಲಿನ ಮಟ್ಟಕ್ಕೆ ಬರುವಷ್ಟರಲ್ಲಿ ಕೆಲಸದಾಳುಗಳು ಇನ್ನೊಂದು ನಿವೇಶನ ಸೇರಿರುತ್ತಾರೆ. ಮುಂದಿನ ಜೂನ್ ತಿಂಗಳ ಮಳೆ ಸೂರಿಲ್ಲದ ಕೆಂಪುಕಲ್ಲಿನ ಗೋಡೆಯ ಮೇಲೆ ಸುರಿಯುತ್ತದೆ. ಲೈಫ್ ಮಿಷನ್ ಯೋಜನೆಯ 4 ಲಕ್ಷ ರೂಪಾಯಿಯನ್ನು ನಂಬಿ ಹಳೆಯ ಮನೆ ಕೆಡವಿದ ಕುಟುಂಬಗಳ ಪಾಡಂತೂ ಹೇಳತೀರದು. ಆ ಹಣ ಕೆಲಸದ ಹಂತಗಳಿಗೆ ಅನುಸಾರವಾಗಿ ಬಿಡುಗಡೆಯಾಗುವುದರಿಂದ, ಕೆಲಸ ನಿಂತರೆ ಕಂತೂ ನಿಲ್ಲುತ್ತದೆ.

ಇಂತಹ ವಂಚನೆಯ ಬೇರು ಹೆಚ್ಚಾಗಿ ಕರಾರು ಪತ್ರದಲ್ಲಿಯೇ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹಿರಿಯರಲ್ಲಿ ಹಲವರು ಮಲಯಾಳವನ್ನು ನಿರರ್ಗಳವಾಗಿ ಮಾತಾಡುತ್ತಾರೆ, ಆದರೆ ಅದರ ಲಿಪಿಯನ್ನು ಓದಲಾರರು. ಛಾಪಾ ಕಾಗದದ ಮೇಲೆ ಮಲಯಾಳದಲ್ಲಿ ಬರೆದು ತಂದುದಕ್ಕೆ ಅವರು ವಿಶ್ವಾಸದಿಂದ ಸಹಿ ಹಾಕುತ್ತಾರೆ. ಬಾಯಲ್ಲಿ ಹೇಳಿದ್ದು ಒಂದು, ಬರೆದದ್ದು ಇನ್ನೊಂದು ಎಂಬುದು ಗೊತ್ತಾಗುವ ಹೊತ್ತಿಗೆ ಹಣ ಕೈಬಿಟ್ಟಿರುತ್ತದೆ. ಓದದೆ ಸಹಿ ಹಾಕಿದೆ ಎಂಬ ವಾದಕ್ಕೆ ನ್ಯಾಯಾಲಯಗಳು ಸಾಮಾನ್ಯವಾಗಿ ಮನ್ನಣೆ ಕೊಡುವುದಿಲ್ಲ. ಸಹಿ ಮಾಡಿದವನು ಅದರೊಳಗಿನದನ್ನು ಬಲ್ಲನೆಂದೇ ಭಾವಿಸುತ್ತವೆ. ಖಾಸಗಿ ಕರಾರು ಇಂತಹ ಭಾಷೆಯಲ್ಲಿಯೇ ಇರತಕ್ಕದ್ದೆಂಬ ನಿಯಮವಿಲ್ಲ. ಕನ್ನಡದಲ್ಲಿಯೂ ಒಂದು ಪ್ರತಿ ಸಿದ್ಧಪಡಿಸಿ, ಎರಡಕ್ಕೂ ಇಬ್ಬರೂ ಸಹಿ ಮಾಡಬೇಕೆಂದು ಕೇಳುವುದು ಅವಿಶ್ವಾಸವಲ್ಲ. ಕೇಳಿದ್ದಕ್ಕೆ ಮುನಿಸಿಕೊಳ್ಳುವ ಗುತ್ತಿಗೆದಾರನನ್ನು ಅಲ್ಲಿಗೇ ಬಿಡುವುದು ಲೇಸೆಂಬುದು ನಮ್ಮ ಅಭಿಪ್ರಾಯ.

ಚದರಡಿಗೆ ಇಷ್ಟು ಎಂಬ ದರವೊಂದನ್ನೇ ಬರೆದ ಕರಾರಿನಿಂದ ಪ್ರಯೋಜನವಿಲ್ಲ. ಆ ದರದಲ್ಲಿ ಏನೇನು ಸೇರಿದೆ ಎಂಬುದು ಬೇಕು: ಸಿಮೆಂಟಿನ ಬಗೆ, ಕಬ್ಬಿಣದ ಗಾತ್ರ, ನೆಲದ ಹಾಸು, ಬಾಗಿಲಿನ ಮರ, ತಂತಿ, ನಳ್ಳಿ. ಚದರಡಿಯನ್ನು ಅಳೆಯುವಾಗ ಸಿಟೌಟ್, ಸನ್‌ಶೇಡ್‌ಗಳನ್ನು ಲೆಕ್ಕಕ್ಕೆ ಹಿಡಿಯುವರೇ ಎಂಬುದನ್ನೂ ಬರೆಸಬೇಕು; ಜಗಳಗಳು ಹುಟ್ಟುವುದು ಬಹಳಷ್ಟು ಇಲ್ಲಿಯೇ. ಹಣವನ್ನು ದಿನಾಂಕಕ್ಕಲ್ಲ, ಮುಗಿದ ಹಂತಕ್ಕೆ ಕಟ್ಟಿಹಾಕಬೇಕು. ತಳಪಾಯ, ಲಿಂಟೆಲ್, ತಾರಸಿ, ಗಾರೆ ಎಂದು ವಿಂಗಡಿಸಿ, ಪ್ರತಿ ಹಂತ ಮುಗಿದ ಬಳಿಕ ಬ್ಯಾಂಕಿನ ಮೂಲಕವೇ ಪಾವತಿಸಿ, ಕೊನೆಯ ಕಂತನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ಷರತ್ತು ಇರಲಿ. ಸೋರುವ ತಾರಸಿಯನ್ನು ಪರೀಕ್ಷಿಸಲು ನಮ್ಮ ಕರಾವಳಿಯ ಆಷಾಢಕ್ಕಿಂತ ದೊಡ್ಡ ಇಂಜಿನಿಯರು ಬೇರಿಲ್ಲ.

ಸಾಮಗ್ರಿಯಲ್ಲಿನ ಮೋಸವನ್ನು ಸಾಮಾನ್ಯರೂ ಪತ್ತೆಹಚ್ಚಬಹುದು. ಕಬ್ಬಿಣದ ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ದೊರೆಯುತ್ತದೆ. 12 ಮಿಲಿಮೀಟರಿನ ಸರಳು ಮೀಟರಿಗೆ ಸುಮಾರು 0.89 ಕಿಲೋ, 8 ಮಿಲಿಮೀಟರಿನದು ಸುಮಾರು 0.395 ಕಿಲೋ ತೂಗಬೇಕು. ಅಲ್ಪ ವ್ಯತ್ಯಾಸ ಸಹಜ. ಗಣನೀಯವಾಗಿ ಕಡಿಮೆಯಾದರೆ ಪ್ರಶ್ನಿಸಬೇಕು. ಹೊಳೆಯ ಅಳಿವೆಯ ಬಳಿಯಿಂದ ತಂದ ಉಪ್ಪು ಮರಳು ಕಬ್ಬಿಣಕ್ಕೆ ತುಕ್ಕು ಹಿಡಿಸಿ ಕೆಲವೇ ವರ್ಷಗಳಲ್ಲಿ ತಾರಸಿಯನ್ನು ಬಿರಿಯಿಸುತ್ತದೆ. ಕಾಂಕ್ರೀಟು ಹಾಕಿದ ಮೇಲೆ ಕನಿಷ್ಠ 7 ದಿನ, ಪೊಝೊಲಾನಾ ಸಿಮೆಂಟಾದರೆ 10 ದಿನ ತೇವ ಆರದಂತೆ ನೋಡಿಕೊಳ್ಳಬೇಕು. ನೀರುಣಿಸುವ ಈ ಕೆಲಸವನ್ನು ಮನೆಯವರೇ ವಹಿಸಿಕೊಳ್ಳುವುದು ಉತ್ತಮ.

ಇಷ್ಟಾಗಿಯೂ ಮೋಸ ನಡೆದರೆ ಮೊದಲು ಹಣ ಕೊಡುವುದನ್ನು ನಿಲ್ಲಿಸಬೇಕು. ಬೇರೊಬ್ಬ ಮೇಸ್ತ್ರಿಯನ್ನು ಕರೆಸುವ ಮುನ್ನ, ಇದ್ದ ಸ್ಥಿತಿಯ ಚಿತ್ರಗಳನ್ನು ತೆಗೆದು, ಅರ್ಹ ಇಂಜಿನಿಯರರಿಂದ ಅಳತೆ ಹಾಗೂ ಮೌಲ್ಯದ ವರದಿ ಬರೆಸಿಕೊಳ್ಳಬೇಕು; ಹೊಸ ಗಾರೆ ಬಿದ್ದ ಮೇಲೆ ಹಳೆಯ ತಪ್ಪಿಗೆ ಸಾಕ್ಷಿ ಉಳಿಯದು. ಅನಂತರ ಗಡುವು ಸೂಚಿಸಿ, ತಲಪಿದ್ದಕ್ಕೆ ದಾಖಲೆ ದೊರೆಯುವ ಅಂಚೆಯಲ್ಲಿ ನೋಟೀಸು ಕಳುಹಿಸಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಮನೆ ನಿರ್ಮಾಣವನ್ನು ಸೇವೆಯೆಂದೇ ಪರಿಗಣಿಸುತ್ತದೆ. ಪಾವತಿಸಿದ ಮೊತ್ತ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬಹುದು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಗುತ್ತಿಗೆದಾರನು ಮಂಗಳೂರಿನವನಾಗಿರಲಿ, ಕಣ್ಣೂರಿನವನಾಗಿರಲಿ, ದೂರುದಾರನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಲು ಅವಕಾಶವಿರುವುದು ಗಡಿನಾಡಿನವರಿಗೆ ದೊಡ್ಡ ಅನುಕೂಲ. ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕೆಂಬುದನ್ನು ಮರೆಯಬಾರದು; ‘ನಾಳೆ ಬರುತ್ತೇನೆ’ ಎಂಬ ಮಾತಿನಲ್ಲಿಯೇ ಈ ಅವಧಿ ಸವೆಯುತ್ತದೆ. ರೇರಾ ಕಾಯಿದೆ ಫ್ಲ್ಯಾಟು, ಬಡಾವಣೆಗಳನ್ನು ಮಾರುವವರಿಗೆ ಸಂಬಂಧಿಸಿದ್ದು. ಸ್ವಂತ ಜಾಗದಲ್ಲಿ ಗುತ್ತಿಗೆಗೆ ಕಟ್ಟಿಸುವವರಿಗೆ ಅದು ಒದಗುವುದಿಲ್ಲ. ಕರಾರು ಮುರಿದ ಮಾತ್ರಕ್ಕೆ ವಂಚನೆಯ ಅಪರಾಧವೂ ಆಗದು. ಆರಂಭದಿಂದಲೇ ಮೋಸದ ಉದ್ದೇಶವಿತ್ತೆಂದು ತೋರಿಸಬೇಕಾಗುತ್ತದೆ. ಪೊಲೀಸರು ಸಿವಿಲ್ ವ್ಯಾಜ್ಯವೆಂದು ಹಿಂದೆ ಕಳುಹಿಸುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ದೊರೆಯುತ್ತಾರೆ.

ಪಂಚಾಯತಿಗೆ, ಲೈಫ್ ಯೋಜನೆಯ ಅಧಿಕಾರಿಗಳಿಗೆ ಕೊಡುವ ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಸಂವಿಧಾನದ 350ನೇ ವಿಧಿ ಈ ಹಕ್ಕನ್ನು ನೀಡಿದೆ. ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೂ ಎಡೆಮಾಡಿಕೊಟ್ಟಿದೆ. ಗ್ರಾಹಕ ಆಯೋಗಕ್ಕೆ ಹೋಗುವಾಗ ಮಾತ್ರ ಕನ್ನಡದ ಕರಾರು, ರಶೀದಿಗಳಿಗೆ ಇಂಗ್ಲಿಷ್ ಅಥವಾ ಮಲಯಾಳದ ಅನುವಾದವನ್ನು ಜೊತೆಗಿರಿಸಿದರೆ ವಿಚಾರಣೆ ಮುಂದೂಡಲು ಎದುರಾಳಿಗೆ ನೆಪ ಸಿಗದು. ಈ ಅನುವಾದಕ್ಕೆ ಊರಿನ ಶಾಲೆಯ ಶಿಕ್ಷಕರನ್ನು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ.