ದಾಖಲೆಯುಳ್ಳ ನೆನಪು, ದಾಖಲೆಯಿಲ್ಲದ ನೆನಪು

ಮಾರಿಷಸ್ ದ್ವೀಪದಲ್ಲಿ ಫೆಬ್ರವರಿ 1ನ್ನು ಗುಲಾಮಗಿರಿ ರದ್ದಾದ ದಿನವೆಂದೂ ನವೆಂಬರ್ 2ನ್ನು ಒಪ್ಪಂದದ ಕೂಲಿಗಳು ಬಂದಿಳಿದ ದಿನವೆಂದೂ ಸರ್ಕಾರಿ ರಜೆಯೊಂದಿಗೆ ಆಚರಿಸಲಾಗುತ್ತದೆ. ಅವೇ ಕಬ್ಬಿನ ತೋಟಗಳಲ್ಲಿ ಒಬ್ಬರ ಬೆನ್ನಿಗೊಬ್ಬರು ಬಂದು ದುಡಿದ ಎರಡು ಸಮುದಾಯಗಳಿಗೆ ಹೀಗೆ ಸ್ಮರಣೆಯ ದಿನಗಳು ಬೇರೆಯಾದಂತೆ ತಾಣಗಳೂ ಬೇರೆಯಾಗಿವೆ. ಕೂಲಿಗಳು ಬಂದಿಳಿದ ಪೋರ್ಟ್ ಲೂಯಿ ಬಂದರಿನ ಆಪ್ರವಾಸಿ ಘಾಟ್ 2006ರಲ್ಲಿಯೂ ಗುಲಾಮರ ನೆನಪನ್ನು ಹೊತ್ತ ನೈಋತ್ಯ ತುದಿಯ ಲ ಮೋರ್ನ್ ಬೆಟ್ಟ 2008ರಲ್ಲಿಯೂ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಮನುಷ್ಯ ಒಂಟಿಯಾಗಿ ನೆನೆಯುವುದಿಲ್ಲ, ಕುಟುಂಬ, ಧರ್ಮ, ವರ್ಗಗಳು ಒದಗಿಸಿದ ಚೌಕಟ್ಟಿನೊಳಗೇ ನೆನೆಯುತ್ತಾನೆ ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರಿಸ್ ಹಾಲ್ಬ್‌ವಾಕ್ಸ್ 1925ರಲ್ಲಿ ವಾದಿಸಿದರು. ಗುಂಪೊಂದು ಹೀಗೆ ಹಂಚಿಕೊಳ್ಳುವ ಗತಕಾಲದ ಅರಿವನ್ನೇ ಸಾಮೂಹಿಕ ಸ್ಮೃತಿ ಎನ್ನುತ್ತಾರೆ. ಮಾರಿಷಸ್ಸಿನ ಮಟ್ಟಿಗೆ ಈ ವಾದಕ್ಕೆ ಇನ್ನೊಂದು ಮಾತು ಸೇರಿಸಬೇಕಾಗುತ್ತದೆ: ಅಲ್ಲಿ ಆ ಚೌಕಟ್ಟನ್ನು ಬಹುಮಟ್ಟಿಗೆ ಕಟ್ಟಿದವರು ವಸಾಹತು ಕಾಲದ ಗುಮಾಸ್ತರು.

ಬ್ರಿಟಿಷರು 1835ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದಾಗ ಪರಿಹಾರವಾಗಿ ಸುಮಾರು 20 ಲಕ್ಷ ಪೌಂಡುಗಳು ಸಂದದ್ದು ಮಾಲೀಕರಿಗೆ. ಬಿಡುಗಡೆಯಾದವರಿಗೆ ಏನೂ ದೊರೆಯಲಿಲ್ಲ. ತೋಟಗಳಿಗೆ ಬೇಕಾದ ಆಳುಗಳನ್ನು 1834ರಿಂದಲೇ ಭಾರತದಿಂದ ತರಿಸಲಾಗುತ್ತಿತ್ತು. ನಿಗದಿತ ವರ್ಷಗಳ ಕಾಲ ನಿಗದಿತ ಕೂಲಿಗೆ ದುಡಿಯುವುದಾಗಿ ಕರಾರಿಗೆ ಒಪ್ಪಿ, ಇಪ್ಪತ್ತನೆಯ ಶತಮಾನದ ಆರಂಭದವರೆಗೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಹೀಗೆ ಬಂದರು. ಅವರ ಮೇಲೆ ಕಣ್ಣಿಡುವ ಸಲುವಾಗಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಹೆಸರು, ತಂದೆಯ ಹೆಸರು, ಜಾತಿ, ಊರು, ಹಡಗುಗಳನ್ನು ಬರೆದಿಟ್ಟುಕೊಳ್ಳಲಾಯಿತು. 1860ರ ದಶಕದಿಂದ ಭಾವಚಿತ್ರಗಳೂ ಸೇರಿದವು. ಮೋಕಾ ಪಟ್ಟಣದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿರುವ ಇದೇ ಕಡತಗಳನ್ನು ಹಿಡಿದು ಮೊಮ್ಮಕ್ಕಳು, ಮರಿಮಕ್ಕಳು ಇಂದು ಬಿಹಾರದ ಹಳ್ಳಿಯನ್ನು ಹುಡುಕಿಕೊಂಡು ಹೋಗುತ್ತಾರೆ.

ಮಡಗಾಸ್ಕರ್, ಮೊಜಾಂಬಿಕ್‌ಗಳಿಂದ ಹಿಡಿದು ತಂದ ಗುಲಾಮರ ಸಂತತಿಗೆ ಇಂಥ ಕಡತವಿಲ್ಲ. 1723ರ ಫ್ರೆಂಚ್ ಶಾಸನವು ಗುಲಾಮರನ್ನು ಚರಾಸ್ತಿಯೆಂದು ಪರಿಗಣಿಸಿದ್ದರಿಂದ ದಾಖಲೆಗಳಲ್ಲಿ ಅವರು ಒಡೆಯನ ಸ್ವತ್ತಾಗಿ, ಒಡೆಯ ಇಟ್ಟ ಹೆಸರಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾರೆ. ಗುಲಾಮರಲ್ಲಿ ಭಾರತದಿಂದ ಬಂದವರೂ ಇದ್ದರೆಂಬ ಸಂಗತಿ, ಆಫ್ರಿಕದವರೆಂದರೆ ಗುಲಾಮರು, ಭಾರತದವರೆಂದರೆ ಕೂಲಿಗಳು ಎಂಬ ಇಂದಿನ ಸರಳ ವಿಂಗಡಣೆಯಲ್ಲಿ ಮರೆಯಾಗಿಬಿಟ್ಟಿದೆ. ಗುಲಾಮರ ಸಂತತಿಗೆ ಉಳಿದದ್ದು ಬಾಯಿಮಾತಿನ ಪರಂಪರೆ. ತೋಟಗಳಿಂದ ತಪ್ಪಿಸಿಕೊಂಡು ಲ ಮೋರ್ನ್ ಬೆಟ್ಟದಲ್ಲಿ ಅಡಗಿದ್ದವರು, ಬಿಡುಗಡೆಯ ಸುದ್ದಿ ತಿಳಿಸಲು ಬಂದವರನ್ನೇ ತಮ್ಮನ್ನು ಹಿಡಿಯಲು ಬಂದವರೆಂದು ಭಾವಿಸಿ ಮೇಲಿನಿಂದ ಧುಮುಕಿದರೆಂಬುದು ಆ ಪರಂಪರೆ ಕಾಪಾಡಿಕೊಂಡು ಬಂದ ಕಥನ. ಇಂಥ ಮೌಖಿಕ ಸ್ಮೃತಿಗೂ ಯುನೆಸ್ಕೊ ಬೆಲೆ ಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಸ್ವತಂತ್ರ ಮಾರಿಷಸ್ಸಿನ 1968ರ ಸಂವಿಧಾನ ಈ ಅಸಮತೆಯನ್ನು ಸರಿಪಡಿಸುವ ಬದಲು ಗಟ್ಟಿಗೊಳಿಸಿತೆಂದೇ ಹೇಳಬೇಕು. ಅದು ಹಿಂದೂ, ಮುಸ್ಲಿಂ, ಚೀನೀ ಎಂಬ ಮೂರು ಸಮುದಾಯಗಳನ್ನು ಹೆಸರಿಸಿ, ಉಳಿದವರೆಲ್ಲರನ್ನೂ ‘ಸಾಮಾನ್ಯ ಜನಸಂಖ್ಯೆ’ ಎಂಬ ನಾಲ್ಕನೆಯ ಗುಂಪಿಗೆ ಸೇರಿಸಿತು. ಗುಲಾಮರ ವಂಶಜರೂ ಅವರನ್ನು ಆಳಿದ ಫ್ರೆಂಚ್ ತೋಟಗಾರರ ವಂಶಜರೂ ಇದರಿಂದ ಒಂದೇ ಪಟ್ಟಿಯಲ್ಲಿ ನಿಂತರು. ಚುನಾಯಿತರಾದ 62 ಸದಸ್ಯರ ಜೊತೆಗೆ, ಸೋತ ಅಭ್ಯರ್ಥಿಗಳಿಂದ ಎಂಟು ಮಂದಿಯವರೆಗೆ ಆಯ್ದು ಸಂಸತ್ತಿನಲ್ಲಿ ಸಮುದಾಯಗಳ ಸಮತೋಲ ಕಾಯುವ ವ್ಯವಸ್ಥೆಗೆ ಈ ವಿಂಗಡಣೆಯೇ ಆಧಾರ. ಜನಗಣತಿಯಲ್ಲಿ ಸಮುದಾಯವನ್ನು ಕೊನೆಯ ಬಾರಿ ಕೇಳಿದ್ದು 1972ರಲ್ಲಾದ್ದರಿಂದ ಲೆಕ್ಕ ಇಂದಿಗೂ ಅಲ್ಲೇ ನಿಂತಿದೆ. ಅಷ್ಟು ಹಳೆಯ ಅಂಕಿಗಳನ್ನು ನೆಚ್ಚಿಕೊಂಡು ಅಭ್ಯರ್ಥಿಗಳು ಸಮುದಾಯವನ್ನು ಘೋಷಿಸಲೇಬೇಕೆನ್ನುವುದು ಸರಿಯಲ್ಲವೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2012ರಲ್ಲಿ ಹೇಳಿತು.

ಬೇರೆಯ ದಾರಿಯೊಂದನ್ನು ತೋರಿಸಿದ್ದು 2011ರಲ್ಲಿ ವರದಿ ಸಲ್ಲಿಸಿದ ಸತ್ಯ ಮತ್ತು ನ್ಯಾಯ ಆಯೋಗ. ಗುಲಾಮಗಿರಿ ಮತ್ತು ಒಪ್ಪಂದದ ಕೂಲಿ ಎರಡನ್ನೂ ಅದು ಒಟ್ಟಿಗೆ ಪರಿಶೀಲಿಸಿ, ಭೂಮಿ ಕಳೆದುಕೊಂಡವರ ಅಹವಾಲುಗಳನ್ನೂ ಆಲಿಸಿತು. ಮರುವರ್ಷ ಕ್ರಿಯೋಲ್ ಭಾಷೆಗೆ ಪ್ರಾಥಮಿಕ ಶಾಲೆಗಳಲ್ಲಿ ಐಚ್ಛಿಕ ವಿಷಯವಾಗಿ ಸ್ಥಾನ ದೊರೆಯಿತು. ಹಿಂದಿ, ಉರ್ದು, ತಮಿಳು, ತೆಲುಗು, ಮರಾಠಿಗಳನ್ನು ಪೂರ್ವಿಕರ ಭಾಷೆಗಳೆಂದು ಬಹುಕಾಲದಿಂದ ಕಲಿಸುತ್ತಿದ್ದ ಆ ಶಾಲೆಗಳಲ್ಲಿ, ಗುಲಾಮರ ನಡುವೆ ರೂಪುಗೊಂಡು ಇಂದು ಕೂಲಿಗಳ ವಂಶಜರೂ ಸೇರಿದಂತೆ ದ್ವೀಪದ ಬಹುಪಾಲು ಜನ ಮನೆಯಲ್ಲಿ ಆಡುವ ನುಡಿಯನ್ನು ಅದೇ ಸಾಲಿನ ಮತ್ತೊಂದು ಐಚ್ಛಿಕ ಭಾಷೆಯಾಗಿ ಇರಿಸಲಾಯಿತು. ಒಂದು ಸಮುದಾಯದ ಪಾಲಿಗೆ ಬಂದ ಆಯ್ಕೆಯಾಗಿ ಅಲ್ಲದೆ ಎಲ್ಲ ಮಕ್ಕಳ ಸಾಮಾನ್ಯ ಭಾಷೆಯಾಗಿ ಅದನ್ನು ಕಲಿಸಬೇಕಾದ ಕೆಲಸ ಇನ್ನೂ ಬಾಕಿಯಿದೆ.