ಕೆಟ್ಟ ಚಿತ್ರ ಹರಿಯಬೇಡಿ, ಹೊಸ ಹಾಳೆ ತೆಗೆಯಿರಿ

ನಮ್ಮಲ್ಲಿ ಎಷ್ಟೋ ಮನೆಗಳ ಅಟ್ಟದ ಮೇಲೆ ಒಂದು ಹಳೆಯ ಡಬ್ಬ ಇರುತ್ತದೆ. ಒಣಗಿ ಕಲ್ಲಾದ ಬಣ್ಣದ ಟ್ಯೂಬುಗಳು, ಕೂದಲು ಉದುರಿದ ಎರಡು ಬ್ರಷ್ಷು, ಅಂಚು ಹಳದಿಯಾದ ಡ್ರಾಯಿಂಗ್ ಹಾಳೆ. ಹೈಸ್ಕೂಲಿನಲ್ಲಿ ನವಿಲಿನ ಚಿತ್ರಕ್ಕೆ ಬಹುಮಾನ ಪಡೆದ ಹುಡುಗಿಯ ಡಬ್ಬ ಅದು. ಮದುವೆ, ಮಕ್ಕಳು, ಅತ್ತೆ-ಮಾವಂದಿರ ಆರೈಕೆ ಎನ್ನುವಷ್ಟರಲ್ಲಿ ಹದಿನೈದು ವರ್ಷ ಸರಿದುಹೋಗುತ್ತದೆ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಒಂದು ಮಧ್ಯಾಹ್ನ ಆಸೆಯಾಗಿ ಡಬ್ಬ ಕೆಳಗಿಳಿಸುತ್ತೀರಿ. ಹೊಸ ಬಣ್ಣ ತರಿಸಿ, ಒಂದು ವಾರ ಕೂತು ಚಿರತೆ ಬರೆಯುತ್ತೀರಿ. ಪಕ್ಕದ ಮನೆಯವರು ಬಂದು ನೋಡಿ, "ಬೆಕ್ಕು ಚೆನ್ನಾಗಿ ಬಂದಿದೆ ಕಣ್ರೀ" ಅಂತಾರೆ! ಅಲ್ಲಿಗೆ ಮುಗಿಯಿತು. ಚಿತ್ರ ಒಲೆಗೆ, ಡಬ್ಬ ಅಟ್ಟಕ್ಕೆ.

ಸೋದರಿಯರೇ, ಆ ಡಬ್ಬ ಮತ್ತೆ ಅಟ್ಟಕ್ಕೆ ಹೋಗದಿರಲಿ ಎಂದೇ ಈ ಲೇಖನ.

ಹೂಕುಂಡ ಸುಮ್ಮನಿರುತ್ತದೆ, ಹಕ್ಕಿ ಇರುವುದಿಲ್ಲ

ಕಾಡುಪ್ರಾಣಿ, ಹಕ್ಕಿಗಳನ್ನು ಇದ್ದ ಹಾಗೆಯೇ ಬರೆಯುವುದು ಸುಲಭದ ಕೆಲಸವಲ್ಲ. ಹೂಕುಂಡ ನೀವಿಟ್ಟ ಕಡೆಯೇ ಇರುತ್ತದೆ. ದೇವರ ಚಿತ್ರದಲ್ಲಿ ಒಡವೆ, ಕಿರೀಟದ ಸೊಗಸು ಕೈಯ ತಪ್ಪನ್ನು ಒಂದಿಷ್ಟು ಮುಚ್ಚುತ್ತದೆ. ಕೋತಿಗೆ ಒಡವೆ ಇಲ್ಲ. ಅದು ಎರಡು ಗಳಿಗೆ ಒಂದು ಕಡೆ ಕೂರುವುದೂ ಇಲ್ಲ. ಜೊತೆಗೆ ದಿನಾ ಕೋತಿ ನೋಡುವ ನಮ್ಮೂರ ಜನ ಚಿತ್ರ ನೋಡಿದ ಕೂಡಲೇ "ಏನೋ ಸರಿ ಇಲ್ಲ" ಎಂದುಬಿಡುತ್ತಾರೆ. ಏನು ಸರಿ ಇಲ್ಲ ಎಂದು ಕೇಳಿದರೆ ಅವರಿಗೂ ಹೇಳಲು ಬರುವುದಿಲ್ಲ. ಆ "ಏನೋ" ಯಾವುದೆಂದು ಹುಡುಕುವುದೇ ಈ ಕಲೆಯ ಅರ್ಧ ಭಾಗ.

ಆದ್ದರಿಂದ ಚಿತ್ರ ಕೆಟ್ಟಿತು ಎಂದರೆ ನಿಮಗೆ ಕೈಗುಣ ಇಲ್ಲವೆಂದಲ್ಲ. ಪ್ರಾಣಿಯಲ್ಲಿ ನೀವು ಇನ್ನೂ ನೋಡದೆ ಇದ್ದದ್ದು ಎಲ್ಲಿದೆ ಎಂದು ಆ ಚಿತ್ರ ಬೆರಳಿಟ್ಟು ತೋರಿಸಿದೆ, ಅಷ್ಟೆ.

ನಾವಂತೂ ದಿನಾ ಬೆಳಿಗ್ಗೆ ನಿನ್ನೆಯ ರಂಗೋಲಿ ಗುಡಿಸಿ, ನೀರು ಚಿಮುಕಿಸಿ, ಹೊಸದಾಗಿ ಇಡುವವರು. ನಿನ್ನೆಯದು ಹೋಯಿತಲ್ಲಾ ಎಂದು ಯಾರೂ ಅಳುವುದಿಲ್ಲ. ಎಳೆ ತಪ್ಪಿದರೆ ಒರೆಸಿ ಮತ್ತೆ ಎಳೆಯುತ್ತೇವೆ. ಹಾಳೆಯ ಮುಂದೆ ಕೂತಾಗ ಮಾತ್ರ ಯಾಕೆ ಅಷ್ಟು ಭಯ? ಹಾಳೆಗೆ, ಬಣ್ಣಕ್ಕೆ ದುಡ್ಡು ಸುರಿದಿದ್ದೇವೆ ಅನ್ನೋದು ಒಂದು ಕಾರಣ. "ಇವಳಿಗೆ ಬೇರೆ ಕೆಲಸ ಇಲ್ವಾ?" ಅಂದಾರು ಅನ್ನೋದು ಅದಕ್ಕಿಂತ ದೊಡ್ಡ ಕಾರಣ. ಎರಡಕ್ಕೂ ಮುಂದೆ ಬರೋಣ.

ಚಂದ್ರವಳ್ಳಿಯೆಂಬ ಪಾಠಶಾಲೆ

ಚಿತ್ರದುರ್ಗದ ಸೋದರಿಯರು ಪುಣ್ಯವಂತರು. ಊರಿನ ಮಗ್ಗುಲಲ್ಲೇ ಚಂದ್ರವಳ್ಳಿ ಇದೆ. ದುರ್ಗದ ಬೆಟ್ಟ, ಚೋಳಗುಡ್ಡ, ಕಿರುಬನಕಲ್ಲು ಇವುಗಳ ನಡುವಿನ ಕಣಿವೆ. ಅಲ್ಲೊಂದು ಕೆರೆ, ಅಂಕಲಿಮಠದ ಗುಹೆಗಳು, ಸುತ್ತ ದುಂಡು ಬಂಡೆಗಳು. ಕಿರುಬನಕಲ್ಲು ಎಂಬ ಹೆಸರಿನಲ್ಲೇ ಕಾಡುಪ್ರಾಣಿ ಕೂತಿದೆ ನೋಡಿ! ಅಲ್ಲಿಂದಾಚೆಗೆ ಜೋಗಿಮಟ್ಟಿಯ ಕಾಡು.

ಮನೆಯವರ ಜೊತೆ ರಜಾ ದಿನ ಬುತ್ತಿ ಕಟ್ಟಿಕೊಂಡು ಹೋದಾಗ ಒಂದು ಸಣ್ಣ ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಚೀಲದಲ್ಲಿರಲಿ. ನೀರಿನ ಅಂಚಿನ ಬೆಳ್ಳಕ್ಕಿ, ಕೊಂಬೆಯ ಮೇಲಿನ ಮಿಂಚುಳ್ಳಿ, ಬಿಸಿಲಿಗೆ ಬಂಡೆ ಹತ್ತಿ ಕತ್ತು ಕುಣಿಸುವ ಓತಿಕ್ಯಾತ, ಬುತ್ತಿಯ ಮೇಲೇ ಕಣ್ಣಿಟ್ಟ ಕೋತಿ, ಯಾವುದಾದರೂ ಸರಿ, ಹತ್ತು ಗೆರೆಯಲ್ಲಿ ಹಿಡಿಯಿರಿ. ಅದು ಹಾರಿಹೋದರೆ ಅರ್ಧ ಗೆರೆಗೇ ಬಿಟ್ಟು, ಪಕ್ಕದಲ್ಲಿ ಇನ್ನೊಂದು ಶುರುಮಾಡಿ. ಒಂದು ಪುಟದಲ್ಲಿ ಹನ್ನೆರಡು ಅರ್ಧಂಬರ್ಧ ಬೆಳ್ಳಕ್ಕಿ ಆದರೂ ಚಿಂತೆಯಿಲ್ಲ. ಕತ್ತು ಎಲ್ಲಿ ಮುರಿಯುತ್ತದೆ, ಕಾಲು ಮೈಯ ಯಾವ ಭಾಗದಿಂದ ಇಳಿಯುತ್ತದೆ ಎಂಬುದು ಹದಿಮೂರನೆಯ ಸಲ ತಾನಾಗಿ ಬರುತ್ತದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ದೂರ ಹೋಗಬೇಕಿಲ್ಲ, ನಿಮ್ಮೂರ ಕೆರೆ ಏರಿಯೇ ಸಾಕು.

ಒಂದು ಎಚ್ಚರಿಕೆ. ಈ ಗುಡ್ಡಗಳ ಕಡೆ ಚಿರತೆ, ಕರಡಿ ನಿಜವಾಗಿಯೂ ಇವೆ. ಹಗಲು ಹೊತ್ತಿನಲ್ಲಿ, ನಾಲ್ಕು ಜನರ ಜೊತೆಯಲ್ಲೇ ಹೋಗಿ. ಕೋತಿಗೆ ತಿಂಡಿ ಹಾಕಿ ಹತ್ತಿರ ಕರೆಯುವುದು ಬೇಡ. ಚಿರತೆಯನ್ನೇ ಬರೆಯಬೇಕು ಅನ್ನುವವರಿಗೆ ಆಡುಮಲ್ಲೇಶ್ವರದ ಕಿರು ಮೃಗಾಲಯ ಇದೆ.

ಚಂದ್ರವಳ್ಳಿಯ ನೆಲ ನಮಗೆ ಇನ್ನೊಂದು ಮಾತನ್ನೂ ಹೇಳುತ್ತದೆ. ಡಾ. ಎಂ. ಎಚ್. ಕೃಷ್ಣ ಅವರೂ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಇಲ್ಲಿ ಅಗೆದಾಗ, ಹಿಂದಿನವರ ಬಾಳು ಪದರ ಪದರವಾಗಿ ಸಿಕ್ಕಿತು: ಮಡಕೆ ಚೂರು, ಸಾತವಾಹನರ ನಾಣ್ಯ, ದೂರದ ರೋಮ್ ದೇಶದ ನಾಣ್ಯ ಕೂಡ. ಕದಂಬ ಮಯೂರಶರ್ಮ ಇಲ್ಲಿಯ ಕೆರೆ ಕಟ್ಟಿಸಿದ ವಿಷಯ ಬಂಡೆಯ ಮೇಲಿನ ಶಾಸನದಲ್ಲಿದೆ. ಒಬ್ಬರ ಬಾಳು ಮುಗಿದ ನೆಲದ ಮೇಲೆಯೇ ಇನ್ನೊಬ್ಬರು ಬಂದು ಒಲೆ ಹೂಡಿದ್ದಾರೆ. ನಮ್ಮ ಹಾಳೆಗಳ ಲೆಕ್ಕವೂ ಇಷ್ಟೇ.

ಕೆಟ್ಟದ್ದು ಯಾಕೆ ಕೆಟ್ಟಿತು?

ಮೊದಲು ಆ ಚಿರತೆಯನ್ನೇ ನೋಡೋಣ. ಅದು ಬೆಕ್ಕಾಗಿ ಕಂಡದ್ದು ಯಾಕೆ? ಬಹುಮಟ್ಟಿಗೆ ಕಣ್ಣಿನಿಂದ. ಬೆಕ್ಕಿನ ಮುಖಕ್ಕೆ ಕಣ್ಣು ದೊಡ್ಡದು. ಚಿರತೆಯ ತಲೆಯ ಗಾತ್ರಕ್ಕೆ ಕಣ್ಣು ಚಿಕ್ಕದು, ಮೂತಿ ದಪ್ಪ. ಬಿಸಿಲಿನಲ್ಲಿ ಬೆಕ್ಕಿನ ಕಣ್ಣಪಾಪೆ ಸೀಳು ಗೆರೆಯಾಗುತ್ತದೆ. ಚಿರತೆಯದು ದುಂಡಗೇ ಇರುತ್ತದೆ. ಆಮೇಲೆ ಮಚ್ಚೆ. ಎಲ್ಲ ಮಚ್ಚೆಯನ್ನೂ ಕುಂಕುಮದ ಬೊಟ್ಟಿನಂತೆ ಒಂದೇ ಸಮ ಇಟ್ಟರೆ ಅದು ಅಚ್ಚು ಹಾಕಿದ ಬಟ್ಟೆಯಾಗುತ್ತದೆ. ಪಕ್ಕೆಯ ಮೇಲಿನ ಮಚ್ಚೆ ಒಡೆದ ಬಳೆಯಂತೆ, ನಡುವೆ ಟೊಳ್ಳು. ಮುಖ, ಕಾಲುಗಳ ಮೇಲೆ ಸಣ್ಣ ತುಂಬು ಚುಕ್ಕೆ. ಮಡಿಸಿಟ್ಟ ಸೀರೆಯಲ್ಲಿ ಬುಟ್ಟಾಗಳೆಲ್ಲ ಒಂದೇ ಅಳತೆ. ಉಟ್ಟ ಮೇಲೆ ಸೊಂಟದ ತಿರುವಿನಲ್ಲಿ ಅವು ಕಿರಿದಾಗಿ ಕಾಣುತ್ತವೆ, ಅಲ್ಲವೇ? ಚಿರತೆಯ ಹೊಟ್ಟೆಯ ತಿರುವಿನಲ್ಲೂ ಹಾಗೆಯೇ.

ನವಿಲಿನ ಕತ್ತಿಗೆ ಟ್ಯೂಬಿನ ನೀಲಿಯನ್ನು ಹಾಗೇ ಬಳಿದರೆ ಮರದ ಆಟಿಕೆಯಂತೆ ಕಾಣುತ್ತದೆ. ಕಾರಣ, ಆ ಗರಿಯಲ್ಲಿ ನೀಲಿ ಬಣ್ಣವೆಂಬ ವಸ್ತುವೇ ಇಲ್ಲ. ಗರಿಯ ಅತಿ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದು ತಿರುಗಿದಾಗ ನಮಗೆ ನೀಲಿ ಕಾಣುತ್ತದೆ. ಅದಕ್ಕೇ ಒಂದೇ ಕತ್ತು ಒಂದು ಕಡೆ ನೀಲಿ, ಒಂದು ಕಡೆ ಹಸಿರು, ನೆರಳಿನಲ್ಲಿ ಹೆಚ್ಚುಕಮ್ಮಿ ಕಪ್ಪು. ಈ ಮೂರನ್ನೂ ಪಕ್ಕಪಕ್ಕ ಇಟ್ಟು, ಹೊಳಪಿಗೆ ಹಾಳೆಯ ಬಿಳಿಯನ್ನೇ ಬಿಟ್ಟು ನೋಡಿ. ಮಿಂಚುಳ್ಳಿಯ ಬೆನ್ನಿಗೂ ಇದೇ ಉಪಾಯ.

ಇನ್ನು ತುಪ್ಪಟ. ಒಂದೊಂದು ಕೂದಲನ್ನೂ ಎಣಿಸಿ ಬರೆಯಲು ಹೊರಟರೆ ಕರಡಿ ಮುಳ್ಳುಹಂದಿಯಾಗುತ್ತದೆ. ಕೂದಲು ಯಾವ ದಿಕ್ಕಿಗೆ ಬೆಳೆದಿದೆಯೋ ಆ ದಿಕ್ಕಿಗೇ ಬ್ರಷ್ ಎಳೆಯಿರಿ. ಮೈಯ ಅಂಚಿನಲ್ಲಿ, ಬಿಸಿಲು-ನೆರಳು ಕೂಡುವ ಕಡೆ ಮಾತ್ರ ಎಳೆ ಎಳೆಯಾಗಿ ತೋರಿಸಿದರೆ ಸಾಕು.

ತಿದ್ದುವುದೋ, ಹೊಸದಾಗಿ ಹಿಡಿಯುವುದೋ?

ಇಲ್ಲಿ ಒಂದು ಸರಳ ನಿಯಮ ಇದೆ. ಬಣ್ಣ ಕೆಟ್ಟಿದ್ದರೆ ತಿದ್ದಿ. ಅಳತೆ ಕೆಟ್ಟಿದ್ದರೆ ಹೊಸ ಹಾಳೆ ತೆಗೆಯಿರಿ. ಗೋಡೆ ವಾಲಿದ್ದರೆ ಸುಣ್ಣ ಬಳಿದು ಸರಿಮಾಡಲು ಆಗುತ್ತದೆಯೇ?

ಜಲವರ್ಣವಾದರೆ, ಬಣ್ಣ ಹಸಿಯಿರುವಾಗಲೇ ಶುಭ್ರವಾದ ಹತ್ತಿ ಬಟ್ಟೆಯಿಂದ ಒತ್ತಿ ತೆಗೆಯಿರಿ. ಒಣಗಿದ್ದರೆ ನೀರಿನಲ್ಲಿ ಅದ್ದಿದ ಮೆತ್ತನೆಯ ಬ್ರಷ್ ಆಡಿಸಿ, ಆಮೇಲೆ ಒತ್ತಿ. ಉಜ್ಜಬೇಡಿ, ಹಾಳೆಯ ಮೈ ಏಳುತ್ತದೆ. ಪೋಸ್ಟರ್ ಕಲರ್ ಪೂರ್ತಿ ಒಣಗಿದ ಮೇಲೆ ಮೇಲೊಂದು ಕೈ ಹಾಕಬಹುದು; ತೀರ ದಪ್ಪವಾದರೆ ಬಿರಿಯುತ್ತದೆ. ಅಕ್ರಿಲಿಕ್ ಬೇಗ ಒಣಗುತ್ತದೆ, ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ, ಎಷ್ಟು ಸಲ ಬೇಕಾದರೂ ಮೇಲೆ ಬರೆಯಬಹುದು. ತೈಲವರ್ಣವಾದರೆ ಹಸಿ ಇರುವಾಗ ಚಾಕುವಿನಿಂದ ಕೆರೆದು, ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ.

ಅಳತೆ ಸರಿಯಿದೆಯೋ ಇಲ್ಲವೋ ತಿಳಿಯಲು ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ಎಡಬಲ ಅದಲುಬದಲಾದಾಗ ಅಲ್ಲಿಯವರೆಗೆ ಕಾಣದ ಸೊಟ್ಟ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಸೊಟ್ಟ ಕಂಡಿತೇ? ಹಳೆಯ ಚಿತ್ರವನ್ನು ಕಿಟಕಿಯ ಗಾಜಿಗೆ ಹಿಡಿದು, ಸರಿಯಾಗಿ ಬಂದ ಭಾಗವನ್ನು ಮಾತ್ರ ಹೊಸ ಹಾಳೆಗೆ ಇಳಿಸಿಕೊಳ್ಳಿ. ಉಳಿದದ್ದನ್ನು ಚುಕ್ಕಿ ರಂಗೋಲಿಯ ಹಾಗೆ ಚುಕ್ಕಿ ಇಟ್ಟು ಅಳೆಯಿರಿ: ಕಿವಿಗೊಂದು, ಭುಜಕ್ಕೊಂದು, ಬಾಲದ ಬುಡಕ್ಕೊಂದು. ಹೊಸದಾಗಿ ಶುರು ಮಾಡುವುದೆಂದರೆ ಸೊನ್ನೆಯಿಂದ ಶುರು ಮಾಡುವುದು ಅಲ್ಲವೇ ಅಲ್ಲ.

ಇಲಿ ತಿಂದ ಹಕ್ಕಿಗಳು

ಒಂದು ಚಿತ್ರ ಕೆಟ್ಟರೆ ನಮಗೆ ಇಷ್ಟು ಸಂಕಟ. ಇನ್ನೂರು ಚಿತ್ರ ಒಟ್ಟಿಗೆ ಹೋದರೆ? ಅಮೆರಿಕದ ಜಾನ್ ಜೇಮ್ಸ್ ಆಡುಬನ್ ಎಂಬ ಹಕ್ಕಿಚಿತ್ರಗಾರನಿಗೆ ಹಾಗಾಯಿತು. ಆತ ಊರು ಬಿಟ್ಟು ಹೋಗುವಾಗ ತನ್ನ ಚಿತ್ರಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ನೆಂಟರ ಮನೆಯಲ್ಲಿ ಬಿಟ್ಟಿದ್ದ. ಕೆಲವು ತಿಂಗಳ ಮೇಲೆ ಬಂದು ಮುಚ್ಚಳ ತೆಗೆದರೆ, ಇಲಿ ಸಂಸಾರವೊಂದು ಎಲ್ಲವನ್ನೂ ಕಡಿದು ಗೂಡು ಮಾಡಿ ಮರಿ ಹಾಕಿತ್ತು! ಆ ಹಾಳೆಗಳಲ್ಲಿದ್ದ ಹಕ್ಕಿಗಳು ಸುಮಾರು ಒಂದು ಸಾವಿರ. ಕೆಲವು ದಿನ ನಿದ್ದೆಯಿಲ್ಲದೆ ಒದ್ದಾಡಿದ. ಆಮೇಲೆ ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ಮತ್ತೆ ಕಾಡಿಗೆ ನಡೆದ. ಈಗ ಮೊದಲಿಗಿಂತ ಚೆನ್ನಾಗಿ ಬರೆಯಬಹುದು ಎನಿಸಿತಂತೆ. ಮೂರು ವರ್ಷದೊಳಗೆ ಪೆಟ್ಟಿಗೆ ಮತ್ತೆ ತುಂಬಿತು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. 1819ರಲ್ಲಿ ವ್ಯಾಪಾರ ಮುಳುಗಿ, ಸಾಲಕ್ಕಾಗಿ ಜೈಲು ಕಂಡ. ಆ ಕಾಲದಲ್ಲಿ ಸಂಸಾರ ತೂಗಿಸಿದವಳು ಹೆಂಡತಿ ಲೂಸಿ. ಪಾಠ ಹೇಳಿ ಮಕ್ಕಳನ್ನು ಸಾಕಿದಳು, ಗಂಡನ ಇಂಗ್ಲೆಂಡ್ ಪ್ರಯಾಣಕ್ಕೂ ನೆರವಾದಳು. 435 ಚಿತ್ರಪುಟಗಳ ಆತನ ಮಹಾಗ್ರಂಥ 1827ರಿಂದ 1838ರವರೆಗೆ ಕಂತು ಕಂತಾಗಿ ಹೊರಬಂತು. ಪುಸ್ತಕದ ಮೇಲೆ ಹೆಸರು ಅವನದು. ಲೂಸಿಯ ದುಡಿತವನ್ನು ನಾವಾದರೂ ನೆನೆಯಬೇಡವೇ? ಅಂದ ಹಾಗೆ, ಆತ ಹಕ್ಕಿಗಳನ್ನು ಗುಂಡಿಟ್ಟು ಕೊಂದು, ತಂತಿ ಚುಚ್ಚಿ ನಿಲ್ಲಿಸಿ ಬರೆಯುತ್ತಿದ್ದ. ಆ ದಾರಿ ನಮಗೆ ಬೇಡ. 1972ರ ವನ್ಯಜೀವಿ ಕಾಯಿದೆಯೂ ಬಿಡುವುದಿಲ್ಲ. ದೂರದಿಂದ ನೋಡಿದ ನೋಟ, ಮೊಬೈಲಿನಲ್ಲಿ ನೀವೇ ತೆಗೆದ ಫೋಟೋ ನಮಗೆ ಸಾಕು.

52ನೆಯ ವಯಸ್ಸಿನಲ್ಲಿ ಹಡಗು ಹತ್ತಿದಾಕೆ

ಮೊಳಕಾಲ್ಮೂರಿನ ರೇಷ್ಮೆ ಸೀರೆ ಉಡುವ ನಮಗೆ ಮರಿಯಾ ಸಿಬಿಲ್ಲಾ ಮೆರಿಯನ್ ಎಂಬಾಕೆಯ ಕಥೆ ಹತ್ತಿರದ್ದು. 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಈಕೆ ಹದಿಮೂರನೆಯ ವಯಸ್ಸಿನಲ್ಲೇ ರೇಷ್ಮೆ ಹುಳು ಸಾಕಿ, ಅದು ಗೂಡು ಕಟ್ಟಿ ಚಿಟ್ಟೆಯಾಗುವುದನ್ನು ನೋಡತೊಡಗಿದಳು. ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳಾದರು, ಆಮೇಲೆ ಗಂಡನಿಂದ ಬೇರೆಯಾಗಿ ಮಕ್ಕಳೊಡನೆ ಆಮ್‌ಸ್ಟರ್‌ಡಾಮ್ ಸೇರಿದಳು. 1699ರಲ್ಲಿ, 52ನೆಯ ವಯಸ್ಸಿನಲ್ಲಿ, ತನ್ನ ಚಿತ್ರಗಳನ್ನು ಮಾರಿ ಹಣ ಕೂಡಿಸಿ, ಕಿರಿಯ ಮಗಳೊಡನೆ ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್ ಕಾಡಿಗೆ ಹೋದಳು. ಎರಡೇ ವರ್ಷಕ್ಕೆ ಕಾಯಿಲೆ ಬಿದ್ದು ಕೆಲಸ ಅರ್ಧಕ್ಕೆ ಬಿಟ್ಟು ವಾಪಸು ಬರಬೇಕಾಯಿತು. ತಂದಷ್ಟರಲ್ಲೇ ಕೂತು ಬರೆದಳು. 1705ರಲ್ಲಿ 60 ಚಿತ್ರಪುಟಗಳ ಪುಸ್ತಕ ಬಂತು. ಹುಳು, ಚಿಟ್ಟೆ, ಅವು ತಿನ್ನುವ ಗಿಡ ಎಲ್ಲವನ್ನೂ ಒಂದೇ ಪುಟದಲ್ಲಿ ಜೀವಂತವಾಗಿ ತೋರಿಸಿದ ಆ ಚಿತ್ರಗಳನ್ನು ವಿದ್ವಾಂಸರು ಇಂದಿಗೂ ತೆರೆದು ನೋಡುತ್ತಾರೆ.

ನಮಗೆ ಹಡಗು ಬೇಡ. ನಿಂಬೆ ಗಿಡದ ಎಲೆ ತಿನ್ನುವ ಕಂಬಳಿಹುಳು ಚಿಟ್ಟೆಯಾಗುವುದನ್ನು ಹಿತ್ತಲಲ್ಲೇ ದಿನಕ್ಕೊಂದು ಸ್ಕೆಚ್ಚಿನಂತೆ ಬರೆಯಬಹುದು.

ದುಡ್ಡು, ಹೊತ್ತು, ಜನರ ಬಾಯಿ

ದುಡ್ಡಿನ ಮಾತು. ಕಲಿಯುವಾಗ ದುಬಾರಿ ಹಾಳೆ ಬೇಡ. ಮಕ್ಕಳ ಹಳೆಯ ನೋಟ್‌ಬುಕ್ಕಿನ ಖಾಲಿ ಪುಟ ಸಾಕು. ಹತ್ತು ಸಲ ಅಲ್ಲಿ ಬರೆದು, ಅಳತೆ ಕೂತ ಮೇಲೆ ಒಳ್ಳೆಯ ಹಾಳೆ ಮುಟ್ಟಿ. ಕೆಂಪು, ಹಳದಿ, ನೀಲಿ, ಒಂದು ಕಂದು, ಈ ನಾಲ್ಕು ಬಣ್ಣದಲ್ಲಿ ಎಷ್ಟೋ ಪ್ರಾಣಿ ಬರುತ್ತವೆ. ಕಪ್ಪನ್ನು ಟ್ಯೂಬಿನಿಂದ ತೆಗೆಯುವ ಬದಲು ನೀಲಿಗೆ ಕಂದು ಬೆರೆಸಿ. ನೆರಳಿಗೆ ಜೀವ ಬರುತ್ತದೆ.

ಹೊತ್ತಿನ ಮಾತು. ದಿನಕ್ಕೆ ಅರ್ಧ ಗಂಟೆ, ಆದರೆ ಅದೇ ಗಂಟೆ. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲಿನ ಆ ಹೊತ್ತು ನಿಮ್ಮದೆಂದು ಮನೆಯವರಿಗೆ ಒಂದು ಸಲ ಹೇಳಿಬಿಡಿ. ನಾಲ್ಕು ದಿನ ಗೊಣಗಿ ಆಮೇಲೆ ಒಗ್ಗಿಕೊಳ್ಳುತ್ತಾರೆ.

ಜನರ ಬಾಯಿ ಮುಚ್ಚಿಸಲು ಆಗುವುದಿಲ್ಲ. ಅದನ್ನು ಕೆಲಸಕ್ಕೆ ಹಚ್ಚಬಹುದು. "ಬೆಕ್ಕು" ಅಂದವರನ್ನು ಕೂರಿಸಿ, ಕಾಫಿ ಕೊಟ್ಟು, "ಯಾವ ಕಡೆ ನೋಡಿ ಬೆಕ್ಕು ಅನ್ನಿಸ್ತು ಹೇಳಿ" ಎಂದು ಕೇಳಿ. ಅವರು ಬೆರಳಿಟ್ಟ ಕಡೆಯೇ ನಿಮ್ಮ ಮುಂದಿನ ಪಾಠ.

ಹದಿನೈದು ವರ್ಷದಲ್ಲಿ ಕೈ ಮರೆತೇ ಹೋಯಿತು ಎಂದು ಕೊರಗುವವರೂ ಇದ್ದಾರೆ. ಕೈ ಮರೆತಿರಬಹುದು, ಅದು ಒಂದು ತಿಂಗಳಲ್ಲಿ ದಾರಿಗೆ ಬರುತ್ತದೆ. ಆದರೆ ಅಕ್ಕಿಯಲ್ಲಿ ಕಲ್ಲು ಹುಡುಕುವ, ಮಗುವಿನ ಮುಖ ನೋಡಿಯೇ ಜ್ವರ ಅನ್ನುವ ಕಣ್ಣು ಈ ಹದಿನೈದು ವರ್ಷದಲ್ಲಿ ಇನ್ನೂ ಚುರುಕಾಗಿದೆ. ಕಾಡುಪ್ರಾಣಿಯ ಚಿತ್ರಕ್ಕೆ ಮೊದಲು ಬೇಕಾದದ್ದು ಆ ಕಣ್ಣೇ.

ಆದ್ದರಿಂದ ಇನ್ನು ಮುಂದೆ ಕೆಟ್ಟ ಚಿತ್ರ ಒಲೆಗೆ ಹಾಕಬೇಡಿ. ಹಿಂದೆ ತಾರೀಕು ಬರೆದು, ಎಲ್ಲಿ ತಪ್ಪಿತೆಂದು ಒಂದೇ ಸಾಲು ಬರೆದು, ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಇಡಿ. ಇಲಿಯ ಮೇಲೆ ಒಂದು ಕಣ್ಣಿರಲಿ! ಮುಂದಿನ ಯುಗಾದಿಗೆ ಮನೆ ಸಾರಿಸುವಾಗ ಕಟ್ಟು ಬಿಚ್ಚಿ ಸಾಲಾಗಿ ಹರಡಿ ನೋಡಿ. ಮೊದಲ ಚಿರತೆಯ ಪಕ್ಕ ಹತ್ತನೆಯ ಚಿರತೆ ಇಟ್ಟಾಗ, ಪಕ್ಕದ ಮನೆಯವರನ್ನೂ ಒಂದು ಸಲ ಕರೆಯಿರಿ.